ಅಣ್ಣನಿಗೆ ಹೇಳಿದ ಆಕಾಶದ ಕಥೆಗಳು

ಈಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ಪುಸ್ತಕ ಓದುತ್ತಾ ಓದುತ್ತಾ ಎದೆ ಡವಗುಟ್ಟುವ ಘಟ್ಟ ಬಂತೆಂದರೆ ಸಾಕು, ತಲೆಯೆತ್ತಿ ಎದುರಿಗೆ ನೋಡುತ್ತೇನೆ. ಎದುರಿಗೆ ಯಾರೂ ಇರುವುದಿಲ್ಲ. ಚಾಮರಾಜನಗರದ ನನ್ನ ಎರಡು ಕೋಣೆಯ ಮನೆಯಲ್ಲಿ ಎದುರಿಗಿರುವುದು ಗೋಡೆ, ಗೋಡೆಯ ಮೇಲೆ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರು, ಅದರ ಹಿಂದೆ ಸಂಸಾರ ಹೂಡಿರುವ ಒಂದು ಹಲ್ಲಿ. ಬೇರೆ ಗ್ರಹದಿಂದ ಬಂದಿಳಿದ ಜೀವಿಗಳ ವಿಚಾರದಲ್ಲಿ ಆ ಹಲ್ಲಿಗೆ ಕಿಂಚಿತ್ತೂ ಕುತೂಹಲವಿಲ್ಲ. ನಾನು ಸ್ವಲ್ಪ ಹೊತ್ತು ಗೋಡೆ ನೋಡಿ, ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸುತ್ತೇನೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟಾಗಿ ಸೇರಿ, ಬೆರಳಿನ ಗೆಣ್ಣುಗಳೆಲ್ಲ ಸವೆದ ಮೇಲೆ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಅದಕ್ಕೆ ಬೇರೆಯೇ ಒಂದು ಪ್ರಬಂಧ ಬರೆಯಬೇಕಾದೀತು, ಇಲ್ಲಿ ಬೇಡ. ಈ ವಯಸ್ಸಿನ ಒಂಟಿ ಹೆಂಗಸು ಏನು ಓದಬೇಕೆಂಬುದರ ಬಗ್ಗೆ ನಮ್ಮ ಬೀದಿಯವರಿಗೆಲ್ಲ ಒಂದು ತೀರ್ಮಾನವಿದೆ. ದೇವರ ಮಹಾತ್ಮೆ, ಶತನಾಮಾವಳಿ, ಹೆಚ್ಚೆಂದರೆ ಮನೆಮದ್ದಿನ ಪುಸ್ತಕ. ನಾನೋ ಗ್ರಂಥಾಲಯಕ್ಕೆ ಹೋದರೆ ನೇರ ಮೂಲೆಯ ಕಪಾಟಿಗೇ ಕೈ ಹಾಕುವುದು. ರಕ್ಷಾಪುಟದ ಮೇಲೆ ರಾಕೆಟ್ಟೋ, ಬಾಯಿ ತೆರೆದ ಮೊಸಳೆಯೋ, ಹಗ್ಗಕ್ಕೆ ಜೋತುಬಿದ್ದ ಮನುಷ್ಯನೋ ಇರಬೇಕು.

"ಮೊಮ್ಮಕ್ಳಿಗಾ ಮೇಡಂ?" ಎಂದು ಕೌಂಟರಿನ ಹುಡುಗಿ ಕೇಳುತ್ತಾಳೆ.

"ಹೂಂನಮ್ಮ, ಬಾಳ ತರಲೆ ಮಕ್ಕಳು" ಎನ್ನುತ್ತೇನೆ. ಇಲ್ಲದ ಮೊಮ್ಮಕ್ಕಳ ಹೆಸರಿನಲ್ಲಿ ನಾನು ಆ ಕಪಾಟನ್ನು ಹೆಚ್ಚುಕಡಿಮೆ ಖಾಲಿ ಮಾಡಿದ್ದೇನೆ.

ಈ ರುಚಿ ಹತ್ತಿಸಿದವನು ನಮ್ಮಣ್ಣ. ನಮ್ಮೂರು ಗುಂಡ್ಲುಪೇಟೆ ಹತ್ತಿರದ ಭೀಮನಬೀಡು. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಅಣ್ಣನಿಗೆ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುವ ಕೆಲಸ. ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಕಟ್ಟಿದ ಅಟ್ಟಣೆ. ಸಂಜೆಗೆ ಅವನಿಗೆ ಹಿಟ್ಟು, ಅಂದರೆ ರಾಗಿಮುದ್ದೆ, ಸಾರು ಹೊತ್ತುಕೊಂಡು ಹೋಗುವವಳು ನಾನು. ತೆರಕಣಾಂಬಿಯ ಅಂಗಡಿಯೊಂದರಲ್ಲಿ ಬೆಲ್ಲ, ಕಾಫಿಪುಡಿ ಪೊಟ್ಟಣ ಕಟ್ಟಲು ಹಳೆಯ ಪುಸ್ತಕಗಳನ್ನು ಇಟ್ಟಿರುತ್ತಿದ್ದರು. ಅಣ್ಣ ಅಲ್ಲಿಂದ ಯಾವುದಾದರೂ ಸಾಹಸದ ಕಾದಂಬರಿ ಗಿಟ್ಟಿಸಿಕೊಂಡು ಬರುತ್ತಿದ್ದ. ಒಂದೇ ತೊಂದರೆಯೆಂದರೆ ಅಂಗಡಿಯವರು ಪುಸ್ತಕವನ್ನು ಹಿಂದುಗಡೆಯಿಂದ ಹರಿಯುತ್ತಿದ್ದರು. ಹಡಗು ಮುಳುಗುತ್ತಿರುವಾಗ, ನಾಯಕ ಗುಹೆಯೊಳಗೆ ಸಿಕ್ಕಿಕೊಂಡಿರುವಾಗ ಕಥೆ ಥಟ್ಟನೆ ನಿಂತುಹೋಗುತ್ತಿತ್ತು. ಮುಂದಿನದೆಲ್ಲ ಯಾರ್‍ಯಾರದೋ ಮನೆಯ ಬೆಲ್ಲದ ಡಬ್ಬಿಯಲ್ಲಿ.

ಅಣ್ಣ ಅದಕ್ಕೆಲ್ಲ ಹೆದರುವವನಲ್ಲ. ಅಟ್ಟಣೆಯ ಮೇಲೆ ಕೂತು ಕೈಗಂಟಿದ ಹಿಟ್ಟು ನೆಕ್ಕುತ್ತಾ ಮುಂದಿನದನ್ನು ತಾನೇ ಹುಟ್ಟಿಸುತ್ತಿದ್ದ.

"ಆಮ್ಯಾಲ?" ಎಂದು ನಾನು ಕೇಳಬೇಕು.

"ಆಮ್ಯಾಲ ಏನು, ಕ್ಯಾಪ್ಟನ್ನು ಈಜ್ಕಂಡು ಈಜ್ಕಂಡು ಬಂದ ಕಣಮ್ಮಿ. ದಡ ಸಿಕ್ತು. ನೋಡ್ತಾನ, ನಮ್ಮೂರ್ ಕೆರ!"

"ಸಮುದ್ರದಿಂದ ನಮ್ಮೂರ್ ಕೆರೆಗ ಎಂಗ್ ಬಂದಾನು?"

"ಒಳಗೊಳಗೇ ನೀರ್‍ಗ ದಾರಿ ಇರ್‍ತದ. ನಿಂಗ ಗೊತ್ತಿಲ್ಲ, ಸುಮ್ಕಿರು."

ಹೀಗೆ ಜಗತ್ತಿನ ಸಾಹಸಿಗರೆಲ್ಲ ಕೊನೆಗೆ ಭೀಮನಬೀಡಿಗೇ ಬಂದು, ಹುರುಳಿ ಸಾರಿನಲ್ಲಿ ಹಿಟ್ಟು ಉಂಡು ಮಲಗುತ್ತಿದ್ದರು. ದೊಡ್ಡವಳಾದ ಮೇಲೆ ಆ ಕಾದಂಬರಿಗಳಲ್ಲಿ ಒಂದು ನನಗೆ ಇಡಿಯಾಗಿ ಸಿಕ್ಕಿತು. ಆಸೆಯಿಂದ ಕೊನೆಯವರೆಗೆ ಓದಿದೆ. ಕ್ಯಾಪ್ಟನ್ನನಿಗೆ ರಾಜನ ಕಡೆಯಿಂದ ಪದಕ ಕೊಟ್ಟು ಮುಗಿಸಿಬಿಟ್ಟಿದ್ದರು. ನನಗೆ ಅಣ್ಣನ ಕೆರೆಯೇ ಹೆಚ್ಚು ನಂಬಿಕೆಗೆ ಅರ್ಹವೆನಿಸಿತು.

ಹೋದ ವರ್ಷದ ಹಿಂದಿನ ವರ್ಷ ಅಣ್ಣ ಅರಿಸಿನದ ಹೊಲದ ಬದುವಿನ ಮೇಲೆ ಬಿದ್ದ. ಲಕ್ವ. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಅವನವಾಗಿರಲಿಲ್ಲ. ಮಾತು ಹೋಗಿತ್ತು. ಪೂರ್ತಿ ಹೋಗಿತ್ತೆನ್ನುವಂತಿಲ್ಲ. ಒಂದೇ ಒಂದು ಶಬ್ದ ಉಳಿದಿತ್ತು. ನೀರು ಬೇಕೇ ಎಂದರೂ, ನೋವೇ ಎಂದರೂ, ಇವರು ಯಾರು ಗೊತ್ತೇ ಎಂದರೂ ಅವನು ಹೇಳುತ್ತಿದ್ದುದು "ಆಮ್ಯಾಲ?"

ಡಾಕ್ಟರು ಒಳ್ಳೆಯವರು, ಕೂರಿಸಿಕೊಂಡು ವಿವರಿಸಿದರು. ತಲೆಯಲ್ಲಿ ಮಾತಿನ ಜಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಹೀಗೊಂದು ಮಾತು ಉಳಿದುಕೊಳ್ಳುತ್ತದಂತೆ, ಅದನ್ನವರು ಬೇಕೆಂದು ಹೇಳುವುದಲ್ಲವಂತೆ. "ನಾವು ಹೇಳೋದು ಅವನಿಗೆ ಅರ್ಥವಾಗುತ್ತಾ ಸಾರ್?" ಎಂದು ಕೇಳಿದೆ. "ಎಷ್ಟು ಆಗುತ್ತೆ ಅನ್ನೋದು ಈಗಲೇ ಹೇಳೋಕಾಗಲ್ಲಮ್ಮ" ಎಂದರು. ಆ 'ಈಗಲೇ' ಎಂಬ ಮಾತನ್ನು ನಾವು ಮನೆಗೆ ತಂದುಕೊಂಡೆವು. ತಿಂಗಳುಗಳು ಕಳೆದಂತೆ ಅದೂ ಎಲ್ಲೋ ಕಳೆದುಹೋಯಿತು.

ಆವತ್ತಿನಿಂದ ನಾನು ಭಾನುವಾರಗಳಂದು ಭೀಮನಬೀಡಿಗೆ ಹೋಗುತ್ತೇನೆ. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಊರಿಗೆ ಇನ್ನೊಂದು. ಚೆಂಡುಹೂ, ಸೂರ್ಯಕಾಂತಿ ಅರಳಿದ ತಿಂಗಳಲ್ಲಿ ಕೇರಳದ ಕಾರುಗಳು ರಸ್ತೆಯುದ್ದಕ್ಕೂ ನಿಂತು, ಜನ ಹೂವಿನ ನಡುವೆ ತಲೆ ತೂರಿಸಿ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಬಸ್ಸಿನ ಕಿಟಕಿಯಿಂದ ನೋಡುವ ನನಗೆ ಅವರೆಲ್ಲ ಬೇರೆ ಗ್ರಹದಿಂದ ಬಂದು ಭೂಮಿಯನ್ನು ಕಂಡು ಬೆರಗಾದವರಂತೆ ಕಾಣುತ್ತಾರೆ. ಅತಿಯಾಗಿ ಓದಿದರೆ ಹೀಗೇ ಆಗುವುದು.

ಮೊದಮೊದಲು ಅಣ್ಣನ ಮಂಚದ ಪಕ್ಕ ಕೂತು ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಚೆನ್ನಾಗಿದ್ದೀಯಾ ಎಂದು ಕೇಳುವಂತಿಲ್ಲ. ಒಂದು ದಿನ ಮಾತಿಗೆ ದಾರಿ ಕಾಣದೆ, ಬಸ್ಸಿನಲ್ಲಿ ಓದುತ್ತಿದ್ದ ಕಾದಂಬರಿಯ ಕಥೆ ಹೇಳತೊಡಗಿದೆ. ಭೂಮಿಯಿಂದ ಬಹುದೂರ, ಬರೀ ಮಂಜುಗಡ್ಡೆಯ ಒಂದು ಚಂದ್ರನ ಮೇಲೆ ಒಬ್ಬಳೇ ಹೆಂಗಸು ಕಾವಲಿಗಿದ್ದಾಳೆ. ಅವಳು ಆಡಿದ ಮಾತು ಭೂಮಿ ಮುಟ್ಟಿ ಉತ್ತರ ಬರುವಷ್ಟರಲ್ಲಿ ಅವಳ ಒಂದು ಹೊತ್ತು ಕಳೆದಿರುತ್ತದೆ. ಅಷ್ಟು ಹೇಳಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

"ಆಮ್ಯಾಲ?" ಎಂದ ಅಣ್ಣ.

ಬೇಕೆಂದು ಹೇಳಿದನೋ, ಬಾಯಿಗೆ ಬಂದದ್ದೋ ತಿಳಿಯಲಿಲ್ಲ. ಆ ಮನೆಯಲ್ಲಿ ಆ ಶಬ್ದಕ್ಕೆ ಮೊದಲ ಸಲ ಒಂದು ಜಾಗ ಸಿಕ್ಕಿತ್ತು. ಮುಂದಕ್ಕೆ ಹೇಳಿದೆ. ನಿಲ್ಲಿಸಿದಾಗಲೆಲ್ಲ ಅವನು ಕೇಳಿದ. ಅವತ್ತು ಸಾಯಂಕಾಲದ ಬಸ್ಸು ತಪ್ಪಿಸಿಕೊಂಡೆ.

ಆ ಕಾದಂಬರಿಯ ಬಗ್ಗೆ ನನ್ನ ಅಭಿಪ್ರಾಯ ಹೇಳಬೇಕಲ್ಲ. ಬರೆದವರಿಗೆ ಯಂತ್ರಗಳೆಲ್ಲ ಗೊತ್ತು, ಹೊಟ್ಟೆ ಗೊತ್ತಿಲ್ಲ. ಅಷ್ಟು ವರ್ಷ ಒಬ್ಬಳೇ ಇರುವ ಹೆಂಗಸು ಒಂದು ಸಲವೂ ತನಗೊಬ್ಬಳಿಗೇ ಅಡುಗೆ ಮಾಡಿಕೊಳ್ಳಬೇಕಲ್ಲ ಎಂದು ಬೇಸರಪಡುವುದಿಲ್ಲ. ಗುಳಿಗೆ ನುಂಗಿ ಕಿಟಕಿಯಾಚೆ ನೋಡುತ್ತಾಳೆ. ಒಬ್ಬರಿಗೆ ಅನ್ನ ಮಾಡುವಾಗ ನೀರಿನ ಅಳತೆಯೇ ಕೂಡಿಬರುವುದಿಲ್ಲವೆಂಬುದು ಅನುಭವವಿದ್ದವರಿಗೇ ಗೊತ್ತು. ಆದರೆ ಉತ್ತರಕ್ಕೆ ಕಾಯುವುದನ್ನು ಮಾತ್ರ ಆ ಲೇಖಕರು ಚೆನ್ನಾಗಿ ಬರೆದಿದ್ದಾರೆ. ಪ್ರಶ್ನೆ ಕೇಳಿಬಿಟ್ಟು, ಉತ್ತರ ಬರುವ ಮುಂಚೆಯೇ ಅದನ್ನು ಮರೆತು, ಉತ್ತರ ಬಂದಾಗ ಇದು ಯಾವುದಕ್ಕೆ ಎಂದು ಯೋಚಿಸುತ್ತಾಳೆ. ಅದು ನಿಜ.

ಆಮೇಲೆ ಕಾಡಿನ ಕಾದಂಬರಿಯೊಂದನ್ನು ತಂದೆ. ನಿಧಿ ಹುಡುಕಿಕೊಂಡು ಹೋದ ನಾಯಕನ ಮೇಲೆ ಅಧ್ಯಾಯಕ್ಕೊಂದರಂತೆ ಹುಲಿ, ಹೆಬ್ಬಾವು, ಕಾಡಾನೆ ಸರದಿಯಲ್ಲಿ ಬೀಳುತ್ತವೆ. ಅವನ ಶರಟಿನ ಇಸ್ತ್ರಿ ಮಾತ್ರ ಮುದುರುವುದಿಲ್ಲ. ಆನೆ ಎದುರಾದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ? ಒಮ್ಮೆ ಚುನಾವಣೆ ಕೆಲಸಕ್ಕೆಂದು ಪುಣಜನೂರಿಗೆ ಹಾಕಿದ್ದರು. ಹೋಗುವ ದಾರಿಯಲ್ಲಿ ಕಬ್ಬಿನ ಲಾರಿಯೊಂದನ್ನು ಆನೆ ನಿಲ್ಲಿಸಿಕೊಂಡು, ಸೊಂಡಿಲು ಹಾಕಿ ಒಂದೊಂದೇ ಜಲ್ಲೆ ಎಳೆದು ತಿನ್ನುತ್ತಿತ್ತು. ಹಿಂದೆ ನಮ್ಮ ಬಸ್ಸು. ಪುಸ್ತಕಗಳಲ್ಲಿ ನೂರು ಆನೆ ಕಂಡಿದ್ದ ನಾನು ಸೀಟಿನ ಕೆಳಗೆ ಕುಕ್ಕರಿಸಿ, ಬಾಯಿಗೆ ಸೆರಗು ತುರುಕಿಕೊಂಡು ಇದ್ದಬದ್ದ ದೇವರನ್ನೆಲ್ಲ ಕರೆದೆ. ಆನೆ ಕಬ್ಬು ಮುಗಿಸಿ ನಮ್ಮ ಕಡೆ ತಿರುಗಿಯೂ ನೋಡದೆ ಹೋಯಿತು. ಬಸ್ಸಿನವರೆಲ್ಲ ಫೋಟೋ ತೆಗೆದುಕೊಂಡಿದ್ದರು. ನಾನು ನೋಡಿದ್ದು ಸೀಟಿನಡಿಯ ಕಡಲೆಕಾಯಿ ಸಿಪ್ಪೆ ಮಾತ್ರ. ಇದನ್ನೂ ಅಣ್ಣನಿಗೆ ಹೇಳಿದೆ. ಅವನು ಅರ್ಧ ಮುಖದಲ್ಲಿ ನಕ್ಕ. ಆದರೆ ಲಕ್ವ ಹೊಡೆದವರು ಕಾರಣವಿಲ್ಲದೆ ನಗುವುದೂ ಅಳುವುದೂ ಇದೆಯೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ, ಆ ನಗೆಯನ್ನು ನಾನು ಪೂರ್ತಿಯಾಗಿ ನನ್ನದೆಂದುಕೊಳ್ಳಲಾಗಲಿಲ್ಲ.

ಕಾಲದಲ್ಲಿ ಹಿಂದಕ್ಕೆ ಹೋಗುವ ಕಾದಂಬರಿಗಳ ಮೇಲೆ ನನಗೊಂದು ತಕರಾರಿದೆ. ಹಾಗೆ ಹೋಗುವವರೆಲ್ಲ ಯುದ್ಧ ತಪ್ಪಿಸಲೋ, ಯಾವುದೋ ರಾಜನ ಆಸ್ಥಾನ ನೋಡಲೋ ಹೋಗುತ್ತಾರೆ. ಯಾವನೋ ಒಬ್ಬ ರೈತ ಬೆಳಿಗ್ಗೆ ಟೀ ಕುಡಿದು ಹೊಲಕ್ಕೆ ಹೊರಟಿರುತ್ತಾನೆ, ಅವನ ಭುಜ ಹಿಡಿದು "ಇವತ್ತು ಬ್ಯಾಡ, ಆಸ್ಪತ್ರೆಗ ಹೋಗನ ಬಾ" ಎನ್ನಲು ಯಾರೂ ಹೋಗುವುದಿಲ್ಲ. ಆ ಪುಸ್ತಕವನ್ನು ಅಣ್ಣನಿಗೆ ಹೇಳಲಿಲ್ಲ, ಅವಧಿಗೆ ಮುಂಚೆಯೇ ಗ್ರಂಥಾಲಯಕ್ಕೆ ಹಿಂತಿರುಗಿಸಿದೆ.

ಅತ್ತಿಗೆಗೆ ನನ್ನ ಓದು ಒಂದು ಹುಚ್ಚಾಗಿ ಕಂಡಿತ್ತು. ಅವಳನ್ನು ದೂರುವಂತಿಲ್ಲ. ಹಸು, ಹೊಲ, ಸಾಂಬಾರ್ ಈರುಳ್ಳಿಯ ಕೂಲಿಯಾಳುಗಳು, ಮಂಚ ಹಿಡಿದ ಗಂಡ, ಎಲ್ಲವೂ ಅವಳೊಬ್ಬಳ ಮೈಮೇಲೆ. ಮಗಳು ನಂಜನಗೂಡಿಗೆ ಮದುವೆಯಾಗಿ ಹೋಗಿದ್ದಾಳೆ, ಬಂದರೂ ಎರಡು ದಿನ. ಅತ್ತಿಗೆ ಅಣ್ಣನ ಮೈ ಒರೆಸುತ್ತಿದ್ದಳು, ಮಗ್ಗುಲು ಹೊರಳಿಸುತ್ತಿದ್ದಳು, ಹಿಟ್ಟನ್ನು ಮೆತ್ತಗೆ ಕಿವುಚಿ ತಿನ್ನಿಸುತ್ತಿದ್ದಳು. ಆದರೆ ಅವನೊಡನೆ ಮಾತಾಡುವುದನ್ನು ನಿಲ್ಲಿಸಿಬಿಟ್ಟಿದ್ದಳು.

"ಅವ್ರ್‌ಗ ಏನ್ ತಿಳ್ದದು ಬುಡವ್ವ" ಎನ್ನುತ್ತಿದ್ದಳು. "ನಿನ್ ಸಮಾಧಾನಕ್ಕ ನೀ ಓದ್ತಿ. ಓದು."

ನೋಡಲು ಬಂದವರೂ ಹಾಗೆಯೇ. ಮಂಚದ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತು, ಅಣ್ಣನ ತಲೆಯ ಮೇಲೆ ಮಾತು ಹಾಯಿಸುತ್ತಿದ್ದರು. ಇಂಥವರು ಹೀಗೇ ಮಲಗಿ ಎಷ್ಟು ವರ್ಷ ಬದುಕಿದರು, ಇನ್ನೊಬ್ಬರು ಎಷ್ಟು ಬೇಗ ಪಾರಾದರು, ಇನ್ನು ಹೊಲ ಯಾರು ನೋಡುತ್ತಾರೆ. ಒಮ್ಮೆ ಅತ್ತಿಗೆಯೇ, ಸೋತ ದಿನವೊಂದರಲ್ಲಿ, ಅಣ್ಣನ ಕಾಲಿನ ಹತ್ತಿರ ಕೂತು ನನಗೆ ಹೇಳಿದಳು: "ಇಂಗ ನರಳದ ನೋಡಕ್ಕಾಗಕಿಲ್ಲ ಕಣಮ್ಮಿ. ದೇವ್ರು ಅವ್ರ್‌ಗ ಒಂದ್ ದಾರಿ ತೋರ್‍ಸ್‌ಬುಟ್ರ ಸಾಕು." ಪ್ರೀತಿಯಿಂದಲೇ ಬಂದ ಮಾತು. ಅಣ್ಣ ಸೂರು ನೋಡುತ್ತಿದ್ದ. "ಆಮ್ಯಾಲ" ಎಂದ. ಅತ್ತಿಗೆ ಕಣ್ಣೊರೆಸಿಕೊಂಡು ಹಾಲು ಕರೆಯಲು ಎದ್ದುಹೋದಳು.

ಕಳೆದ ಚಳಿಗಾಲದಲ್ಲಿ ನನಗೊಂದು ದಪ್ಪ ಬಾಹ್ಯಾಕಾಶ ಕಾದಂಬರಿ ಸಿಕ್ಕಿತು. ಈಚೆಗೆ ಓದಿದ್ದರಲ್ಲೆಲ್ಲ ಇದೇ ಗಟ್ಟಿ. ನಕ್ಷತ್ರಗಳ ನಡುವೆ ದಾರಿ ತಪ್ಪಿದ ಒಂದು ಹಳೆಯ ನೌಕೆ, ಅದನ್ನು ನಡೆಸುವ ಮುದುಕ. ಅವನು ಮುಂಗೋಪಿ, ಬಾಯಿಹರುಕ, ಎಲ್ಲರನ್ನೂ ಬೈದು ಆಮೇಲೆ ತನ್ನ ಪಾಲಿನ ನೀರು ಕೊಡುವವನು. ಅಣ್ಣನಿಗೆ ಈ ಮುದುಕ ಹಿಡಿಸಿದ್ದನೆಂದು ನನಗೆ ಅನಿಸಿತ್ತು. ಮುದುಕನ ಮಾತು ಬಂದಾಗ "ಆಮ್ಯಾಲ" ಸ್ವಲ್ಪ ಬೇಗ ಬರುತ್ತಿತ್ತು. ಈ ಕಥೆಯನ್ನು ಮಾತ್ರ ಬಾಯಲ್ಲಿ ಹೇಳದೆ, ಪುಸ್ತಕವನ್ನೇ ಹಿಡಿದು ಓದುತ್ತಿದ್ದೆ.

ನಾನು ಮನೆಯಲ್ಲಿ ಒಂದು ಅಧ್ಯಾಯ ಮುಂದಾಗಿಯೇ ಓದಿಕೊಂಡಿರುತ್ತೇನೆ. ಹಾಗೆ ಓದುವಾಗ ಈ ಘಟ್ಟ ಬಂತು. ನೌಕೆಗೆ ಏನೋ ಬಡಿದು ಮುದುಕನ ಕೈಕಾಲು ಬಿದ್ದುಹೋಗುತ್ತವೆ, ನಾಲಗೆ ಹೊರಳುವುದಿಲ್ಲ. ಉಸಿರಾಡುವ ಗಾಳಿ ಎಲ್ಲರಿಗೂ ಸಾಲದು. ಉಳಿದವರು ಅವನ ಹಾಸಿಗೆಯ ಸುತ್ತ ನಿಂತು, ಇವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಚರ್ಚೆ ಮಾಡುತ್ತಾರೆ. ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಇಡೀ ಅಧ್ಯಾಯ ಅದೇ.

ಇದನ್ನು ಅಣ್ಣನ ಮುಂದೆ ಹೇಗೆ ಓದಲಿ? ಬಿಟ್ಟುಬಿಡೋಣವೆಂದು ನಿರ್ಧರಿಸಿದೆ. ಹೇಗೂ ಅವನಿಗೆ ಗೊತ್ತಾಗುವುದಿಲ್ಲವಲ್ಲ ಎಂದು ಮನಸ್ಸೇ ಸಮಾಧಾನವನ್ನೂ ಹೇಳಿತು.

ಆ ಭಾನುವಾರ ನೌಕೆಗೆ ಏಟು ಬೀಳುವವರೆಗೆ ಓದಿ, ಸದ್ದಿಲ್ಲದೆ ಹಾಳೆಗಳನ್ನು ಒಟ್ಟಿಗೆ ಹಿಡಿದು ತಿರುವಿದೆ. ನೌಕೆ ಒಂದು ಹಸಿರು ಗ್ರಹದ ಹತ್ತಿರ ಬರುವ ಕಡೆಯಿಂದ ಮುಂದುವರಿಸಿದೆ. ನೆಲಕ್ಕಿಳಿದರು, ನೀರು ಕಂಡಿತು, ಎಲ್ಲರೂ ಕುಣಿದರು. ಓದಿ ನಿಲ್ಲಿಸಿದೆ.

ಅಣ್ಣ ಏನೂ ಅನ್ನಲಿಲ್ಲ.

ತಲೆಯೆತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ. ಮುಂದಿನ ಪ್ಯಾರಾ ಓದಿದೆ. ಮತ್ತೆ ನಿಲ್ಲಿಸಿದೆ. ಮಾತಿಲ್ಲ. ನಿದ್ದೆ ಬಂದಿರಬೇಕೆಂದು ಪುಸ್ತಕ ಮಡಿಸಹೋದೆ. ಅಣ್ಣನ ಎಡಗೈ ಹೊದಿಕೆಯಿಂದ ಈಚೆ ಬಂತು. ಪುಸ್ತಕದ ಮೇಲೆ ಹಸ್ತವೂರಿ, ಹೆಬ್ಬೆರಳಿನಿಂದ ಹಾಳೆಗಳನ್ನು ಹಿಂದಕ್ಕೆ ತಳ್ಳತೊಡಗಿದ. ಬೆರಳು ಅಡ್ಡಾದಿಡ್ಡಿ ಹೋಗುತ್ತಿತ್ತು. ಒಂದು ಹಾಳೆಯ ತುದಿ ಹರಿಯಿತು. ಆದರೂ ಬಿಡಲಿಲ್ಲ.

"ಏನಣ್ಣ?" ಎಂದೆ.

"ಆಮ್ಯಾಲ!" ಎಂದ ಅಣ್ಣ. ಅದು ಪ್ರಶ್ನೆಯಾಗಿರಲಿಲ್ಲ, ಬೈಗುಳವಾಗಿತ್ತು. ಹಿಟ್ಟು ತಣ್ಣಗಾಗಿಸಿಕೊಂಡು ತಡವಾಗಿ ಹೊಲಕ್ಕೆ ಹೋದಾಗ ಅವನು ಹೀಗೇ ಗದರುತ್ತಿದ್ದ.

"ಮುದುಕಂದಾ ಅಣ್ಣ? ಮುದುಕ ಏನಾದ ಅಂತಾವಾ?"

ಅವನು ಕಣ್ಣು ಮುಚ್ಚಿ ತೆರೆದ.

ನಾನು ಹಿಂದಿನ ಹಾಳೆಗೆ ಹೋಗಿ ಓದಿದೆ. ಒಂದು ಅಕ್ಷರ ಬಿಡದೆ ಓದಿದೆ. ಹಾಸಿಗೆಯ ಸುತ್ತ ನಿಂತವರು ಲೆಕ್ಕ ಹಾಕಿದ್ದು, ಒಬ್ಬಳು ಅತ್ತಿದ್ದು, ಇವನಿಗೇನು ಗೊತ್ತಾಗುತ್ತದೆ ಎಂದು ಇನ್ನೊಬ್ಬ ಹೇಳಿದ್ದು. ನಡುನಡುವೆ ನಾನು ನಿಲ್ಲಿಸಿದಾಗಲೂ ಅಣ್ಣ ಏನೂ ಕೇಳಲಿಲ್ಲ, ಕಾದ. ಕೊನೆಗೆ ಅವರು ಮುದುಕನನ್ನು ಬಿಡುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಕಡಿಮೆ ಉಸಿರಾಡುವುದೆಂದು ತೀರ್ಮಾನಿಸುತ್ತಾರೆ. ಬರೆದವರ ಕಣ್ಣೀರಿನ ತಂತ್ರವೆಂದು ಬೇರೆ ದಿನವಾಗಿದ್ದರೆ ಮೂಗು ಮುರಿಯುತ್ತಿದ್ದೆನೇನೋ. ಅಣ್ಣನ ಮುಖ ಶಾಂತವಾಗಿತ್ತು. ಅವನು ಅಳಲಿಲ್ಲ. ಅತ್ತದ್ದು ನಾನು.

ಅಡುಗೆಮನೆಗೆ ಓಡಿ ಅತ್ತಿಗೆಗೆ ಹೇಳಿದೆ. "ಅವ್ನಿಗ ಎಲ್ಲಾ ತಿಳಿತದ ಅತ್ಗ! ನಾ ಓದ್ದೆ ಬಿಟ್ಟಿದ್ದ ಕಂಡುಹಿಡುದ್‌ಬುಟ್ಟ. ಒಂದೊಂದ್ ಮಾತೂ ಕೇಳುಸ್ಕತವ್ನ!"

ನನ್ನ ಹಾಗೆ ಅವಳೂ ಹಿಗ್ಗುತ್ತಾಳೆಂದುಕೊಂಡಿದ್ದೆ. ಅತ್ತಿಗೆಯ ಕೈಯಲ್ಲಿದ್ದ ಹಿಟ್ಟಿನ ಕೋಲು ಹಾಗೇ ನಿಂತಿತು.

"ಎಲ್ಲನೂವಾ?" ಎಂದಳು.

"ಎಲ್ಲನೂ."

ಅವಳು ಒಲೆಯ ಕಡೆ ತಿರುಗಿಕೊಂಡಳು. ಬಹಳ ಹೊತ್ತು ಹಿಟ್ಟು ಕೂಡಿಸಿದಳು. ಆಮೇಲೆ, ನನಗಲ್ಲವೆಂಬಂತೆ, "ಅಂಗಾರ ನಾ ಅಂದದ್ದೂ ಕೇಳುಸ್ಕಂಡವ್ರ" ಎಂದಳು.

ಬಸ್ಸಿನಲ್ಲಿ ಕೂತ ಮೇಲೆ ನನಗೂ ಅದೇ ಹತ್ತಿಕೊಂಡಿತು. ಅಣ್ಣ ಒಳಗಿದ್ದಾನೆ ಎಂಬ ಸಂತೋಷ ತೆರಕಣಾಂಬಿಯವರೆಗೂ ಉಳಿಯಲಿಲ್ಲ. ಒಳಗಿದ್ದಾನೆಂದರೆ ಇಷ್ಟು ದಿನವೂ ಇದ್ದನೆಂದಾಯಿತು. ನಾವು ಅವನ ತಲೆಯ ಮೇಲೆ ಮಾತು ಹಾಯಿಸಿಕೊಂಡಾಗಲೆಲ್ಲ ಇದ್ದ. ನನ್ನ ಮನೆಯಲ್ಲಿ ಗೋಡೆ, ಹಲ್ಲಿ ಎಂದು ನಾನು ಗೊಣಗುತ್ತೇನಲ್ಲ, ನನ್ನದು ಏನು ಒಂಟಿತನ? ಬೇಕೆಂದಾಗ ಎದ್ದು ಬಾಗಿಲು ತೆಗೆಯುತ್ತೇನೆ. ನೆರೆಮನೆಯವರನ್ನು ಕರೆದು ಕೊತ್ತಂಬರಿ ಸೊಪ್ಪಿನ ಬೆಲೆ ಕೇಳುತ್ತೇನೆ. ಮಂಜಿನ ಚಂದ್ರನ ಮೇಲಿನ ಆ ಹೆಂಗಸಿಗೂ ತಡವಾಗಿಯಾದರೂ ಉತ್ತರ ಬರುತ್ತಿತ್ತು.

ಮುಂದಿನ ಭಾನುವಾರ ಹೋಗಲು ಕಾಲೇಳಲಿಲ್ಲ. ಹೋದೆ. ಕಾದಂಬರಿಯ ಕೊನೆಯ ಭಾಗ ಓದುವುದಿತ್ತು.

ಹೊಸಿಲ ಹತ್ತಿರ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು. ಯಾರೋ ನೆಂಟರು ಬಂದಿದ್ದಾರೆಂದುಕೊಂಡೆ. ಇಣುಕಿ ನೋಡಿದರೆ ಬೇರೆ ಯಾರೂ ಇಲ್ಲ. ಅತ್ತಿಗೆ ಮಂಚದ ಮೇಲೆಯೇ, ಅಣ್ಣನ ಎಡಗೈ ಪಕ್ಕ ಕೂತಿದ್ದಳು. ಮಡಿಲಲ್ಲಿ ಬಿಡಿಸುತ್ತಿದ್ದ ಅವರೆಕಾಯಿ.

"…ಮೋಟ್ರು ಸುಟ್ಟೋಯ್ತು ಅಂದ್ನಲ್ಲ, ಅದ ಬಿಚ್ಚಿ ಗುಂಡ್ಲುಪೇಟೆಗ ಕೊಟ್ಟೆ. ನಾಳ ಬತ್ತದಂತ. ಕೆಂದ ಹಸ ಗಬ್ಬ ಆಗದ, ನಿಮ್ಗ ಹೇಳೇ ಇಲ್ಲ ನಾನು. ಮೇಲ್ಗಡ ಹೊಲಕ್ಕ ಈ ಸಲ ಚೆಂಡೂವು ಆಕ್ಸದಾ ಅಂತ. ನೀವು ಬ್ಯಾಡ ಅಂತಿದ್ರಿ, ನಂಗೊತ್ತು. ಆದ್ರ ಆಳು ಸಿಕ್ಕಕಿಲ್ಲ, ಏನ್ ಮಾಡದು?"

"ಆಮ್ಯಾಲ?" ಎಂದ ಅಣ್ಣ.

"ಆಮ್ಯಾಲ ಅಂದ್ರ…" ಅತ್ತಿಗೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. "ಅವತ್ತು ನಾನೊಂದ್ ಮಾತಾಡ್‌ಬುಟ್ಟೆ. ದೇವ್ರು ದಾರಿ ತೋರ್‍ಸ್ಲಿ ಅಂತ. ಕೇಳುಸ್ಕಂಡ್ರಾ? ಮನ್ಸಿಗ ಆಕಬ್ಯಾಡಿ ಅಂದ್ರ. ಮೈ ಸೋತಿತ್ತು, ಅಂದ್‌ಬುಟ್ಟೆ. ನೀವು ಇರ್‍ಬೇಕು. ಇಂಗೇ ಆದ್ರೂ ಇರ್‍ಬೇಕು."

ಅಣ್ಣ ಎಡಗೈ ಚಾಚಿ ಅವಳ ಮಡಿಲಿನಿಂದ ಒಂದು ಅವರೆಕಾಯಿ ತೆಗೆದುಕೊಂಡ. ಒಂದೇ ಕೈಯಲ್ಲಿ ಅದನ್ನು ಬಿಡಿಸಲು ನೋಡಿದ. ಬರಲಿಲ್ಲ. ಅವಳಿಗೇ ವಾಪಸು ಕೊಟ್ಟ. ಅತ್ತಿಗೆ ನಕ್ಕಳು, ನಗುತ್ತಲೇ ಮೂಗೊರೆಸಿಕೊಂಡಳು. ಆ ಮನೆಯಲ್ಲಿ ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಮತ್ತೆ ಮಾತು ಶುರುವಾಯಿತು: ಯಾರ ಮನೆಯಲ್ಲಿ ನಾಮಕರಣ, ಯಾರು ಯಾರೊಡನೆ ಜಗಳವಾಡಿದರು, ಮಗಳ ಮನೆಯ ಸುದ್ದಿ. ಕೂಡಿಟ್ಟ ಮಾತು, ಮುಗಿಯುವ ಲಕ್ಷಣವಿರಲಿಲ್ಲ.

ನಾನು ಜಗಲಿಯ ಮೇಲೆ ಕೂತೆ. ಚೀಲದಲ್ಲಿ ಪುಸ್ತಕವಿತ್ತು. ತೆಗೆಯಲಿಲ್ಲ. ಆಮೇಲೆ ಅತ್ತಿಗೆ ನನ್ನನ್ನು ಕಂಡು, ಅಯ್ಯೋ ಎಂದು ಎದ್ದು, ಅವರೆಕಾಳಿನ ಸಾರಿನಲ್ಲಿ ಹಿಟ್ಟು ಬಡಿಸಿದಳು. ಇವತ್ತು ಓದುವುದಿಲ್ಲವೇ ಎಂದು ಅವಳೂ ಕೇಳಲಿಲ್ಲ. ಉಂಡು, ಅಣ್ಣನ ತಲೆ ನೇವರಿಸಿ, ಬೇಗನೆ ಹೊರಟೆ.

ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಉಳಿದಿದ್ದ ಅಧ್ಯಾಯಗಳನ್ನು ನಾನೊಬ್ಬಳೇ ಓದಿ ಮುಗಿಸಿದೆ. ಮುಗಿದಾಗ ಹೊರಗೆ ಬಾಳೆ ತೋಟಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಕಾದಂಬರಿ ನಿಜಕ್ಕೂ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಆಗಲೇ, ಆ ಕ್ಷಣವೇ ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದ ಸೀಟಿನ ಹೆಂಗಸು ಬುಟ್ಟಿ ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸುವಷ್ಟು ಧೈರ್ಯ ನನಗೆ ಬರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.